ಉಳಿದಿದ್ದು ಒಂದೇ ಕಾಗದ, ಅದೂ ತಪ್ಪು

"ಇಂಡಿಯಾದವನಾ? ನಿಮ್ಮ ಸೈನಿಕರನ್ನ ನಾನು ಕೊರಿಯಾದಲ್ಲಿ ನೋಡಿದ್ದೀನಿ. ಹೆಲಿಕಾಪ್ಟರ್‌ನಲ್ಲಿ ತಂದು ಇಳಿಸ್ತಿದ್ರು."

ಕೆಲಸದ ಮೇಲೆ ಅಮೆರಿಕದ ಸೇಂಟ್ ಲೂಯಿಸ್‌ಗೆ ಬಂದ ಹೊಸದರಲ್ಲಿ ಪಕ್ಕದ ಮನೆ ಅಜ್ಜ ನನ್ನ ಹತ್ತಿರ ಆಡಿದ ಮೊದಲ ಮಾತು ಇದು. ವಯಸ್ಸಾಗಿದೆ, ಏನೋ ಕಲಸಿಕೊಂಡು ಹೇಳ್ತಿದ್ದಾರೆ ಅಂದುಕೊಂಡೆ. ನಮ್ಮ ಸೈನಿಕರಿಗೂ ಕೊರಿಯಾಕ್ಕೂ ಎಲ್ಲಿಯ ಸಂಬಂಧ? ರಾತ್ರಿ ಫೋನ್‌ನಲ್ಲಿ ಹುಡುಕಿದರೆ ಅಜ್ಜ ಹೇಳಿದ್ದೇ ನಿಜ. 1953ರ ಜುಲೈ 27ರಂದು ಕದನವಿರಾಮ ಆದ ಮೇಲೆ, ತಾಯ್ನಾಡಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಕಾಯುವ ಹೊಣೆ ಭಾರತದ ಪಡೆಗೆ ಬಿತ್ತು. ಭಾರತದವರು ತನ್ನ ನೆಲದ ಮೇಲೆ ಕಾಲಿಡಬಾರದು ಅಂತ ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಹಾಗಾಗಿ ಅವರನ್ನು ಇಂಚಾನ್‌ನಿಂದ ಹೆಲಿಕಾಪ್ಟರ್‌ಗಳಲ್ಲೇ ಸೇನಾರಹಿತ ವಲಯಕ್ಕೆ ಸಾಗಿಸಿದರು. ಆ ಕೈದಿಗಳ ವಿಚಾರ ನೋಡಿಕೊಂಡ ಐದು ದೇಶಗಳ ತಟಸ್ಥ ಆಯೋಗದ ಅಧ್ಯಕ್ಷರು ಯಾರು ಅಂದ್ರೆ, ನಮ್ಮ ಕೊಡಗಿನ ತಿಮ್ಮಯ್ಯನವರು! ಮಡಿಕೇರಿಯಲ್ಲಿ ಈಗ ಮ್ಯೂಸಿಯಂ ಆಗಿರುವ ಅವರ 'ಸನ್ನಿ ಸೈಡ್' ಮನೆ ಮುಂದೆ ನಿಂತು ನಾನೇ ಫೋಟೊ ತೆಗೆಸಿಕೊಂಡಿದ್ದೆ. ಆದರೂ ಗೊತ್ತಿರಲಿಲ್ಲ, ನಾಚಿಕೆಯಾಯಿತು.

ಅವತ್ತಿನಿಂದ ಅಜ್ಜನಿಗೂ ನನಗೂ ದೋಸ್ತಿ. ಅವರಿಗೀಗ 93. ಹೆಂಡತಿ ತೀರಿಕೊಂಡಿದ್ದಾರೆ, ಮಗಳು ಬೇರೆ ರಾಜ್ಯದಲ್ಲಿದ್ದಾರೆ. ವಾರದ ತರಕಾರಿ, ಹಾಲು ನಾನೇ ತಂದುಕೊಡುತ್ತೇನೆ. ಯಾಕಂದ್ರೆ ಅವರು ಕಾರು ಓಡಿಸೋದು ಬಿಟ್ಟಿದ್ದಾರೆ. ಪಾದಗಳಲ್ಲಿ ಸ್ಪರ್ಶವೇ ಇಲ್ಲ, ಬ್ರೇಕ್ ಮೇಲೆ ಕಾಲು ಇದೆಯೋ ಇಲ್ಲವೋ ಗೊತ್ತಾಗಲ್ಲ. ಜುಲೈ ಬಿಸಿಲಲ್ಲೂ ಎರಡು ಜೊತೆ ಉಣ್ಣೆಯ ಕಾಲುಚೀಲ.

ಎರಡು ವರ್ಷದ ಹಿಂದೆ ವೈದ್ಯರೊಬ್ಬರು ಪಾದ ನೋಡಿ, ಯಾವತ್ತಾದರೂ ಹಿಮಗಾಯ ಆಗಿತ್ತಾ ಅಂತ ಕೇಳಿದರಂತೆ. ಆಗಿತ್ತು, 1953ರ ಜನವರಿ, ಕೊರಿಯಾದ ಒಂದು ಬೆಟ್ಟದ ಮೇಲೆ. ಸೇವೆಯಲ್ಲಿದ್ದಾಗ ಚಳಿಯಿಂದ ಆದ ಗಾಯ ದಶಕಗಳ ನಂತರ ಜೋಮು, ನೋವು, ಸಂಧಿವಾತವಾಗಿ ಕಾಣಿಸಿಕೊಳ್ಳಬಹುದು ಅಂತ ಅಮೆರಿಕ ಸರ್ಕಾರವೇ ಒಪ್ಪುತ್ತದೆ, ಅದಕ್ಕೆ ಪರಿಹಾರವೂ ಇದೆ. ಅಜ್ಜ ಅರ್ಜಿ ಹಾಕಿದರು. ಉತ್ತರ ಎರಡೇ ಸಾಲು: ನಿಮ್ಮ ದಾಖಲೆಯಲ್ಲಿ ವಿದೇಶ ಸೇವೆ ಕಾಣಿಸುತ್ತಿಲ್ಲ.

ಆ ಪತ್ರ ಹಿಡಿದುಕೊಂಡು ನಮ್ಮನೆಗೆ ಬಂದರು. "ನೀನು ಕಂಪ್ಯೂಟರ್‌ನವನಲ್ವಾ, ಇದೇನು ನೋಡು."

ಅಮೆರಿಕದಲ್ಲಿ ಸೇನೆ ಬಿಡುವಾಗ ಡಿಡಿ-214 ಅನ್ನೋ ಕಾಗದ ಕೊಡ್ತಾರೆ. ಎಷ್ಟು ದಿನ ಸೇವೆ, ಎಲ್ಲಿ, ಯಾವ ಪದಕ, ಹೇಗೆ ಬಿಡುಗಡೆ, ಎಲ್ಲ ಅದರಲ್ಲೇ. ಪಿಂಚಣಿ, ಚಿಕಿತ್ಸೆ, ಕೊನೆಗೆ ಶವಪೆಟ್ಟಿಗೆ ಮೇಲೆ ಹೊದಿಸುವ ಬಾವುಟದವರೆಗೆ ಪ್ರತಿಯೊಂದಕ್ಕೂ ಅದನ್ನೇ ಕೇಳ್ತಾರೆ. ಅಜ್ಜನ 214ರಲ್ಲಿ ವಿದೇಶ ಸೇವೆಯ ಎದುರು ಸೊನ್ನೆ ವರ್ಷ, ಸೊನ್ನೆ ತಿಂಗಳು, ಸೊನ್ನೆ ದಿನ. ಪದಕಗಳ ಜಾಗದಲ್ಲಿ 'ಇಲ್ಲ'. ಕೆಳಗೆ ಅವರದೇ ಸಹಿ.

"ಓದಲಿಲ್ವಾ ಸರ್?" ಅಂದೆ.

"22 ವರ್ಷ ನನಗೆ. ಹೊರಗೆ ಬಸ್ಸು ನಿಂತಿತ್ತು. ಅವಳು ಊರಲ್ಲಿ ಕಾಯ್ತಿದ್ದಳು. ನೀನಾಗಿದ್ರೆ ಓದ್ತಿದ್ಯಾ?"

ನಾನು ದಿನಕ್ಕೆ ಹತ್ತು ಸಲ 'ಐ ಅಗ್ರೀ' ಒತ್ತೋನು. ಸುಮ್ಮನಾದೆ.

ಮೂಲ ಕಡತ ತರಿಸಿದರೆ ಆಯ್ತಲ್ಲ ಅಂದುಕೊಂಡು ಎಸ್‌ಎಫ್-180 ಅರ್ಜಿ ತುಂಬಿ ಕಳಿಸಿದೆವು. ದೇಶದ ಸೈನಿಕರ ಹಳೆಯ ಕಡತಗಳೆಲ್ಲ ಇರುವ ಕೇಂದ್ರ ಇದೇ ಸೇಂಟ್ ಲೂಯಿಸ್‌ನಲ್ಲಿದೆ, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಬಂದ ಉತ್ತರ ಓದಿದಾಗ ಈ ಊರಿನ ದೊಡ್ಡ ದುರಂತವೊಂದು ನನಗೆ ಮೊದಲ ಸಲ ಗೊತ್ತಾಯಿತು. 1973ರ ಜುಲೈ 12ರ ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಆ ಕೇಂದ್ರದ ಆರನೇ ಮಹಡಿಗೆ ಬೆಂಕಿ ಬಿತ್ತು. ಪೂರ್ತಿ ಆರುವಷ್ಟರಲ್ಲಿ ದಿನಗಳೇ ಹಿಡಿದವು. ಸುಟ್ಟಿದ್ದು 1.6ರಿಂದ 1.8 ಕೋಟಿ ಕಡತ. 1912ರ ನವೆಂಬರ್‌ನಿಂದ 1960ರ ಜನವರಿ 1ರವರೆಗೆ ಭೂಸೇನೆ ಬಿಟ್ಟವರ ಕಡತಗಳಲ್ಲಿ ಶೇ 80ರಷ್ಟು ಹೋದವು. ಬೆಂಕಿ ಹೇಗೆ ಹತ್ತಿತು ಅನ್ನೋದು ಇವತ್ತಿಗೂ ತೀರ್ಮಾನ ಆಗಿಲ್ಲ. ನೀರಲ್ಲಿ ನೆಂದ ಕಟ್ಟುಗಳನ್ನು ಒಣಗಿಸಲು ಇದೇ ಊರಿನ ವಿಮಾನ ಕಂಪನಿಯೊಂದರಲ್ಲಿ ಬಾಹ್ಯಾಕಾಶ ನೌಕೆಗಳನ್ನು ಪರೀಕ್ಷಿಸಲು ಇಟ್ಟಿದ್ದ ನಿರ್ವಾತ ಕೋಣೆ ಬಳಸಿದರಂತೆ. ಅಷ್ಟು ಜಾಣತನ ಇದ್ದ ದೇಶದಲ್ಲಿ ಆ ಕಡತಗಳಿಗೆ ನಕಲಿರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಮಹಡಿಯಲ್ಲಿ ಸ್ಪ್ರಿಂಕ್ಲರ್ ಕೂಡ ಇರಲಿಲ್ಲ. ಬ್ಯಾಕಪ್ ಇಲ್ಲದ ಪ್ರೊಡಕ್ಷನ್ ಸರ್ವರ್ ಅಂದ್ರೆ ಇದೇ.

ಅಂದರೆ ಅಜ್ಜನ ಸೇವೆಯ ಸತ್ಯ ಹೇಳುವ ಕಾಗದಗಳೆಲ್ಲ ಬೂದಿಯಾಗಿ, ತಪ್ಪು ಹೇಳುವ ಒಂದು ಮಾತ್ರ ಅವರ ಕಪಾಟಲ್ಲಿ ಭದ್ರವಾಗಿ ಉಳಿದಿತ್ತು. ಮೂಲ ಇಲ್ಲದಿದ್ದಾಗ ಉಳಿದಿದ್ದೇ ಮೂಲ. ಊರಲ್ಲಿ ಪಹಣಿಯಲ್ಲಿ ತಾತನ ಹೆಸರು ತಪ್ಪಾಗಿ, ಅದನ್ನ ತಿದ್ದಿಸೋಕೆ ಅಪ್ಪ ನಾಲ್ಕು ವರ್ಷ ಅಲೆದಿದ್ದು ನೆನಪಾಯಿತು. "ತಾತ ಯಾರು ಅಂತ ಊರಿಗೆಲ್ಲ ಗೊತ್ತು, ಪಹಣಿಗೆ ಗೊತ್ತಿಲ್ಲ" ಅಂತಿದ್ದರು.

ಕೇಂದ್ರದವರು ಬಾಗಿಲು ಹಾಕಲಿಲ್ಲ. ಬೆಂಕಿಗೆ ಸಿಕ್ಕವರಿಗೆಂದೇ ಒಂದು ಪ್ರಶ್ನಾವಳಿ ಇದೆ, ಕಳಿಸಿದರು. ಯಾವ ಕಂಪನಿ, ಯಾವ ರೆಜಿಮೆಂಟ್, ಯಾವ ತಿಂಗಳು, ಯಾವ ಆಸ್ಪತ್ರೆ ಅಂತ ಖಚಿತವಾಗಿ ಬರೆದರೆ ಬೇರೆ ಕಡೆ ಉಳಿದಿರುವ 'ಮಾರ್ನಿಂಗ್ ರಿಪೋರ್ಟ್'ಗಳಲ್ಲಿ ಹುಡುಕುತ್ತಾರೆ. ಇದು ಪ್ರತಿ ಕಂಪನಿ ದಿನಾ ಬರೆಯುತ್ತಿದ್ದ ವರದಿ. ಹಾಜರಾತಿ ಪುಸ್ತಕ ಅಂದುಕೊಳ್ಳಬೇಡಿ. ಎಂದಿನಂತೆ ಇದ್ದವರ ಹೆಸರು ಅದರಲ್ಲಿ ಬರೋದೇ ಇಲ್ಲ. ಹೊಸದಾಗಿ ಬಂದವನು, ಹೋದವನು, ಕಾಯಿಲೆ ಬಿದ್ದವನು, ಸತ್ತವನು, ಇಷ್ಟೇ. ಬದಲಾವಣೆ ಮಾತ್ರ ಲಾಗ್ ಆಗುತ್ತೆ. ಗಿಟ್ ಬಳಸೋರಿಗೆ ಬಿಡಿಸಿ ಹೇಳಬೇಕಿಲ್ಲ.

ಆದರೆ 70 ವರ್ಷದ ಹಿಂದಿನ ಕಂಪನಿ, ತಿಂಗಳು? ಅಜ್ಜನಿಗೆ ಬೆಟ್ಟದ ಆಕಾರ ನೆನಪಿದೆ, ಪಕ್ಕದಲ್ಲಿ ಮಲಗುತ್ತಿದ್ದವನ ಗೊರಕೆ ನೆನಪಿದೆ, ತಾರೀಖು ಇಲ್ಲ.

ಸಿಕ್ಕಿದ್ದು ಬಿಸ್ಕೆಟ್ ಡಬ್ಬಿಯಲ್ಲಿ. ಅವರ ಹೆಂಡತಿ, ಆಗಿನ್ನೂ ಮದುವೆ ಆಗಿರಲಿಲ್ಲ, ಬಂದ ಪತ್ರಗಳನ್ನೆಲ್ಲ ಲಕೋಟೆ ಸಮೇತ ಎತ್ತಿಟ್ಟಿದ್ದರು. 41 ಪತ್ರ. ಕೊರಿಯಾದಲ್ಲಿದ್ದವರಿಗೆ ಅಂಚೆ ಉಚಿತ, ಚೀಟಿ ಅಂಟಿಸುವ ಜಾಗದಲ್ಲಿ 'ಫ್ರೀ' ಅಂತ ಕೈಯಲ್ಲೇ ಬರೆದರೆ ಸಾಕಿತ್ತು. ಲಕೋಟೆಯ ಎಡಮೂಲೆಯಲ್ಲಿ ಹೆಸರು, ಸೇವಾ ಸಂಖ್ಯೆ, ಕಂಪನಿ, ರೆಜಿಮೆಂಟ್. ಮೇಲೆ ಸೇನಾ ಅಂಚೆಯ ಮುದ್ರೆ, ತಾರೀಖು. ನಮಗೆ ಬೇಕಿದ್ದಿದ್ದೆಲ್ಲ ಹೊರಗಡೆಯೇ ಇತ್ತು. "ಲಕೋಟೆ ಮಾತ್ರ ನೋಡು, ಒಳಗಿಂದು ಓದಬೇಡ" ಅಂತ ಅಜ್ಜ ಎರಡೆರಡು ಸಲ ಹೇಳಿದರು. ಕಿವಿ ಕೆಂಪಗಾಗಿತ್ತು. ನಾನು ಎಕ್ಸೆಲ್ ಶೀಟ್ ಮಾಡಿದೆ. ಮೊದಲ ಮುದ್ರೆ 1952ರ ಡಿಸೆಂಬರ್, ಕೊನೆಯದು 1953ರ ನವೆಂಬರ್.

ನಾಲ್ಕು ತಿಂಗಳಾದ ಮೇಲೆ ಕೇಂದ್ರದಿಂದ ಮೂರು ಪುಟದ ನಕಲು ಬಂತು. ಒಂದರಲ್ಲಿ ಅಜ್ಜ ಕಂಪನಿಗೆ ಸೇರಿದ ಸಾಲು. ಇನ್ನೊಂದರಲ್ಲಿ ಹೊರಟ ಸಾಲು. ನಡುವಿನದರಲ್ಲಿ ಜನವರಿಯಲ್ಲಿ ಆಸ್ಪತ್ರೆಗೆ ಕಳಿಸಿದ್ದು. ಯಾಕೆ ಅಂತ ಬರೆದಿಲ್ಲ.

ಆಗ ಅಜ್ಜ ಅದೇ ಜನವರಿಯ ಪತ್ರ ಹುಡುಕಿ ತೆಗೆದು, ತಾವೇ ಓದಿ, ಹೊತ್ತು ಸುಮ್ಮನೆ ಕೂತರು. ಆಮೇಲೆ ನನ್ನ ಕೈಗೆ ಕೊಟ್ಟರು. ಅದರಲ್ಲಿ ಬರೆದಿದ್ದರು: ಒಂಚೂರು ನೆಗಡಿ, ಆಸ್ಪತ್ರೆಯ ಡೇರೆಯಲ್ಲಿ ಬೆಚ್ಚಗಿದ್ದೀನಿ, ಚಿಂತೆ ಮಾಡಬೇಡ.

ಕಾಲಿನ ಮಾತೇ ಇಲ್ಲ! ಅವಳು ಹೆದರಬಾರದು ಅಂತ ಬರೆದ ಸುಳ್ಳು, 70 ವರ್ಷ ಕಾದು ಅವರಿಗೇ ಎದುರು ಸಾಕ್ಷಿಯಾಗಿ ನಿಂತಿತ್ತು. ಮಗಳು ಫೋನ್‌ನಲ್ಲಿ, "ಆ ಪತ್ರ ಸೇರಿಸೋದೇ ಬೇಡ, ಯಾರು ಕೇಳ್ತಾರೆ?" ಅಂದರು. ನಿಜ ಹೇಳಬೇಕಂದ್ರೆ ನನಗೂ ಹಾಗೇ ಅನಿಸಿತ್ತು. ಅಜ್ಜ ಒಪ್ಪಲಿಲ್ಲ. "ಕಾಗದ ಸುಳ್ಳು ಹೇಳ್ತಿದೆ ಅಂತ ತಾನೇ ನಾವು ಜಗಳ ಆಡ್ತಿರೋದು?" ಅಂದರು. ಪತ್ರದ ಜೊತೆಗೆ, ಯಾಕೆ ಹಾಗೆ ಬರೆದೆ ಅಂತ ಒಂದು ಪುಟದ ಹೇಳಿಕೆ ತಾವೇ ಬರೆದರು. ನಾನು ಟೈಪ್ ಮಾಡಿಕೊಟ್ಟೆ, ಒಂದಕ್ಷರ ತಿದ್ದಲಿಲ್ಲ.

ಸೇನಾ ದಾಖಲೆ ತಿದ್ದುವ ಮಂಡಳಿಗೆ ಡಿಡಿ-149 ಅರ್ಜಿ, ಶುಲ್ಕವಿಲ್ಲ. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಹಾಕಬೇಕು ಅಂತ ನಿಯಮ. ತಡವಾದರೂ ನ್ಯಾಯದ ದೃಷ್ಟಿಯಿಂದ ಮನ್ನಿಸುವ ಅಧಿಕಾರ ಮಂಡಳಿಗಿದೆ. ಒಂದು ವಿಷಯ ಮಾತ್ರ ಗಟ್ಟಿ: ದಾಖಲೆ ಸರಿಯಾಗೇ ಇದೆ ಅಂತ ನಂಬಿಕೊಂಡೇ ಮಂಡಳಿ ಶುರು ಮಾಡುತ್ತೆ, ತಪ್ಪು ಅಂತ ತೋರಿಸುವ ಹೊಣೆ ಅರ್ಜಿದಾರನದು. ಹಾಗಾಗಿ ಭಾವುಕವಾಗಿ ಬರೆದರೆ ಪ್ರಯೋಜನವಿಲ್ಲ. ಯಾವ ಅಂಕಣ ತಪ್ಪು, ಏನಾಗಬೇಕು, ಯಾವ ಪುಟದಲ್ಲಿ ಪುರಾವೆ, ಬಗ್ ರಿಪೋರ್ಟ್ ಬರೆದ ಹಾಗೇ ಬರೆದೆವು. ಜಿಲ್ಲೆಯಲ್ಲಿ ಮಾಜಿ ಸೈನಿಕರಿಗೆ ನೆರವಾಗುವ ಅಧಿಕಾರಿಯೊಬ್ಬರು ನೋಡಿ ಎರಡು ತಪ್ಪು ಹಿಡಿದರು.

ಮತ್ತೆ 13 ತಿಂಗಳು. ಅಜ್ಜನ ವಯಸ್ಸಿಗೆ 13 ತಿಂಗಳು ಅಂದ್ರೆ ಏನು ಅಂತ ನಾನು ಲೆಕ್ಕ ಹಾಕೋಕೆ ಹೋಗಲಿಲ್ಲ. ಚಳಿಗಾಲದಲ್ಲೊಮ್ಮೆ ಆಸ್ಪತ್ರೆ ಸೇರಿ ಬಂದರು.

ಹೋದ ತಿಂಗಳು ಡಿಡಿ-215 ಬಂತು. ಹಳೆಯ 214 ಅಳಿಸಲ್ಲ, ಅದರ ಜೊತೆ ಇಡುವ ತಿದ್ದುಪಡಿ ಹಾಳೆ ಇದು, ಒಂಥರಾ ಪ್ಯಾಚ್. ವಿದೇಶ ಸೇವೆ: 11 ತಿಂಗಳು. ಕೊರಿಯನ್ ಸರ್ವಿಸ್ ಮೆಡಲ್, ಅದರ ಮೇಲೆ ಎರಡು ಕಂಚಿನ ನಕ್ಷತ್ರ, ಒಂದು ಆ ಚಳಿಗಾಲಕ್ಕೆ, ಇನ್ನೊಂದು 1953ರ ಬೇಸಿಗೆಗೆ. ವಿಶ್ವಸಂಸ್ಥೆಯ ಪದಕ, ನ್ಯಾಷನಲ್ ಡಿಫೆನ್ಸ್ ಸರ್ವಿಸ್ ಮೆಡಲ್. ಕೊನೆಯಲ್ಲಿ ಕೊರಿಯಾ ಸರ್ಕಾರದ ಯುದ್ಧಸೇವಾ ಪದಕ. ಇದನ್ನು ತನ್ನ ಸೈನಿಕರು ಧರಿಸಬಹುದು ಅಂತ ಅಮೆರಿಕ ಒಪ್ಪಿದ್ದೇ 1999ರಲ್ಲಿ, ಅಜ್ಜ ಸೇನೆ ಬಿಟ್ಟು 45 ವರ್ಷ ಆದ ಮೇಲೆ. 1954ರ ಯಾವ ಗುಮಾಸ್ತನೂ ಇದನ್ನು ಟೈಪ್ ಮಾಡೋಕೆ ಸಾಧ್ಯವೇ ಇರಲಿಲ್ಲ. ನಿಮ್ಮ ಪರಿಚಯದಲ್ಲಿ ಕೊರಿಯಾಕ್ಕೆ ಹೋಗಿದ್ದ ಅಮೆರಿಕನ್ ಅಜ್ಜಂದಿರು ಯಾರಾದರೂ ಇದ್ದರೆ ಅವರ 214 ಒಮ್ಮೆ ತೆಗೆದು ನೋಡಿ, ಈ ಪದಕವಂತೂ ಅದರಲ್ಲಿ ಇರೋದಿಲ್ಲ.

ಪದಕಗಳು ಬರಲಿಕ್ಕೆ ಇನ್ನೂ ಕೆಲವು ತಿಂಗಳು ಬೇಕಂತೆ. 215ರ ಪ್ರತಿ ಇಟ್ಟು ಕಾಲಿನ ಪರಿಹಾರಕ್ಕೆ ಹೊಸದಾಗಿ ಅರ್ಜಿ ಹಾಕಿದ್ದೇವೆ. ನೆಗಡಿಯ ಪತ್ರವೂ ಅದರಲ್ಲಿದೆ. ಏನಾಗುತ್ತೋ ಗೊತ್ತಿಲ್ಲ, ಮುಂದಿನ ವಾರ ವೈದ್ಯರ ತಪಾಸಣೆಗೆ ಕರೆದಿದ್ದಾರೆ, ನಾನೇ ಕರ್ಕೊಂಡು ಹೋಗ್ಬೇಕು.

215 ಬಂದ ದಿನ ಅಜ್ಜ ಅದನ್ನು ಈ ಸಲ ನಿಧಾನವಾಗಿ, ಬೆರಳಿಟ್ಟು, ಪ್ರತಿ ಸಾಲೂ ಓದಿದರು. ಮಡಚಿ ಬಿಸ್ಕೆಟ್ ಡಬ್ಬಿಯಲ್ಲಿ ಪತ್ರಗಳ ಮೇಲಿಟ್ಟು ಮುಚ್ಚಳ ಹಾಕಿದರು. ಆಮೇಲೆ, "ನಿಮ್ಮ ಆ ಜನರಲ್ ಹೆಸರು ಏನಂದೆ?" ಅಂತ ಕೇಳಿದರು. ಹೇಳಿದೆ. ಎರಡು ಸಲ ಪ್ರಯತ್ನಿಸಿದರು, ಮೂರನೇ ಸಲಕ್ಕೆ 'ತಿಮ್ಮಯ್ಯ' ಸರಿಯಾಗಿ ಬಂತು.