ಮಧುನಾಶಿನಿ ಎಲೆ ಮತ್ತು ನಮ್ಮ ಅಜ್ಜಿಯ ಸಕ್ಕರೆ ಕಾಯಿಲೆ

ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇದ್ದಾರೆ. ನಮ್ಮ ಅಜ್ಜಿಗೂ ಇದೆ. ಅದಕ್ಕೇ ಈ ವಿಷಯ ಬರೆಯುತ್ತಿದ್ದೇನೆ.

ನಾವು ತಿಂದ ಅನ್ನ, ಮುದ್ದೆ ಜೀರ್ಣವಾಗಿ ಗ್ಲೂಕೋಸ್ ಎಂಬ ಸಕ್ಕರೆಯಾಗಿ ರಕ್ತಕ್ಕೆ ಸೇರುತ್ತದೆ. ಅದು ರಕ್ತದಿಂದ ಜೀವಕೋಶಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಇನ್ಸುಲಿನ್ ಸಾಲದಿದ್ದರೆ, ಅಥವಾ ಇದ್ದರೂ ಸರಿಯಾಗಿ ಕೆಲಸ ಮಾಡದಿದ್ದರೆ, ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ. ಇದೇ ಸಕ್ಕರೆ ಕಾಯಿಲೆ.

ನಮ್ಮ ಹೊಲದ ಬೇಲಿಯಲ್ಲಿ ಮಧುನಾಶಿನಿ ಬಳ್ಳಿ ಇದೆ. ಎರಡು ಎಲೆ ಚೆನ್ನಾಗಿ ಅಗಿದು ಆಮೇಲೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಿರುತ್ತೆ. ನಾನೇ ಮಾಡಿ ನೋಡಿದ್ದೇನೆ. ಉಪ್ಪು, ಹುಳಿ ಗೊತ್ತಾಗುತ್ತೆ, ಸಿಹಿ ಮಾತ್ರ ಗೊತ್ತಾಗಲ್ಲ. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಮೇಲೆ ಸಿಹಿ ಗುರುತಿಸುವ ಜಾಗದಲ್ಲಿ ಹೋಗಿ ಕೂತುಬಿಡುತ್ತವೆ. ಸುಮಾರು ಅರ್ಧ ಗಂಟೆ ಆದಮೇಲೆ ಸರಿಹೋಗುತ್ತದೆ. ಕರುಳು ಸಕ್ಕರೆ ಹೀರುವುದನ್ನೂ ಅವು ಕಡಿಮೆ ಮಾಡುತ್ತವೆ ಎಂದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ.

ಮೆಂತ್ಯದ್ದು ಬೇರೆ ರೀತಿ. ರಾತ್ರಿ ನೆನೆಸಿಟ್ಟರೆ ಬೆಳಿಗ್ಗೆ ಲೋಳೆ ಬಿಟ್ಟಿರುತ್ತೆ ಅಲ್ವಾ? ಆ ಲೋಳೆ ಒಂದು ಬಗೆಯ ನಾರು. ಹೊಟ್ಟೆಯಲ್ಲೂ ಹೀಗೇ ಲೋಳೆಯಾಗಿ, ಊಟದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುವಂತೆ ಮಾಡುತ್ತದೆ. ಹಾಗಲಕಾಯಿಯಲ್ಲಿ ಚರಾಂಟಿನ್ ಎಂಬ ಅಂಶವಿದೆ. ಅದರ ರಸ ಕುಡಿಯುವಾಗ ಅಜ್ಜಿಯ ಮುಖ ನೋಡಬೇಕು!

ಹೋದ ಏಕಾದಶಿಯ ದಿನ ಅಜ್ಜಿ ಬೆಳಿಗ್ಗೆ ಹಾಗಲಕಾಯಿ ರಸ ಕುಡಿದು, ಆಸ್ಪತ್ರೆಯ ಮಾತ್ರೆಯನ್ನೂ ನುಂಗಿದಳು. ಉಪವಾಸ, ಬೇರೆ ಏನೂ ತಿನ್ನಲಿಲ್ಲ. ಹತ್ತು ಗಂಟೆಗೆ ಮೈಯೆಲ್ಲ ಬೆವರು, ಕೈ ನಡುಕ, ಮಾತು ತೊದಲು. ಅಮ್ಮ ಹೊಲಕ್ಕೆ ಹೋಗಿದ್ದಳು. ನನಗೆ ಅಳು ಬಂತು. ಬೆಲ್ಲ ತಂದು ಬಾಯಿಗೆ ಹಾಕಿದೆ. "ಥೂ, ಮಣ್ಣು ತಿನ್ನಿಸ್ತೀಯೇನೇ!" ಎಂದು ಉಗಿದಳು. ತಿನ್ನುವ ಆಸೆ ತಡೆಯಲು ಆಗತಾನೇ ಮಧುನಾಶಿನಿ ಎಲೆ ಅಗಿದಿದ್ದಳಂತೆ! ನಾಲಿಗೆಗೆ ಗೊತ್ತಾಗದಿದ್ದರೂ ರಕ್ತಕ್ಕೆ ಸೇರುತ್ತೆ ಅಂತ ಬೆಲ್ಲ ನೀರಲ್ಲಿ ಕದಡಿ ಬಲವಂತವಾಗಿ ಕುಡಿಸಿದೆ. ಕಾಲು ಗಂಟೆಗೆ ಸುಧಾರಿಸಿಕೊಂಡಳು.

ಡಾಕ್ಟರ್ ಬೈದರು. ಮಾತ್ರೆ ನುಂಗಿ ಉಪವಾಸ ಮಾಡಿದರೆ ಸಕ್ಕರೆ ತೀರಾ ಇಳಿದುಹೋಗುತ್ತೆ, ಮೇಲೆ ಆ ರಸ ಬೇರೆ. ಮನೆಮದ್ದು ಏನೇ ಇದ್ದರೂ ನಮಗೆ ಹೇಳಿ, ಹಾಗಂತ ಮಾತ್ರೆ ಬಿಟ್ಟು ಸೊಪ್ಪನ್ನೇ ನಂಬಬೇಡಿ ಅಂದ್ರು.

ಒಂದು ವಿಶೇಷ ಗೊತ್ತಾ? ಅಜ್ಜಿ ನುಂಗುವ ಇನ್ನೊಂದು ಮಾತ್ರೆ ಮೆಟ್‌ಫಾರ್ಮಿನ್. ಅದರ ಮೂಲವೂ ಗಿಡವೇ. ಯೂರೋಪಿನ ಗೆಲೀಗಾ ಎಂಬ ಗಿಡದಲ್ಲಿ ಸಕ್ಕರೆ ಇಳಿಸುವ ವಸ್ತುವಿತ್ತು, ಆದರೆ ಅದು ವಿಷ. ಆಮೇಲೆ ಅದನ್ನೇ ಹೋಲುವ, ಅಷ್ಟು ತೊಂದರೆಯಿಲ್ಲದ ವಸ್ತುವನ್ನು ವಿಜ್ಞಾನಿಗಳು ತಯಾರಿಸಿದರು. 1957ರಲ್ಲಿ ಫ್ರಾನ್ಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ರೋಗಿಗಳಿಗೆ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಮಾತ್ರೆಯಲ್ಲಿ 500 ಮಿಲಿಗ್ರಾಂ ಅಂದರೆ ಅಷ್ಟೇ ಇರುತ್ತೆ. ಬೇಲಿಯ ಎಲೆಯಲ್ಲಿ ಎಷ್ಟಿದೆಯೋ ಅಳೆದವರು ಯಾರು?

ಈಗ ಮಾತ್ರೆ ಡಬ್ಬಿಯ ಪಕ್ಕ ಒಂದು ಉಂಡೆ ಬೆಲ್ಲ ಇಟ್ಟಿದ್ದೇನೆ. ಮೊನ್ನೆ ನೋಡಿದರೆ ಅರ್ಧ ಇರಲಿಲ್ಲ. ಇಲಿ ತಿಂದಿರಬೇಕು ಅಂತಾಳೆ ಅಜ್ಜಿ.

– 7ನೇ ತರಗತಿ ವಿದ್ಯಾರ್ಥಿನಿ