ಬೀಜ ಮರೆತ ಮೆಣಸು

ಮೆಣಸೆಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಮರವನ್ನು ತಬ್ಬಿ ಏರುವ ಬಳ್ಳಿ. ಆಸ್ಟ್ರೇಲಿಯದ ಪೂರ್ವಕ್ಕೆ, ಪೆಸಿಫಿಕ್ ಸಾಗರದ ನಡುವೆ ಜ್ವಾಲಾಮುಖಿಗಳು ಎತ್ತಿ ನಿಲ್ಲಿಸಿದ ವನುವಾಟು ದ್ವೀಪಗಳಲ್ಲಿ ಅದೇ ಕುಲದ ಇನ್ನೊಂದು ಮೆಣಸು ಉಂಟು. ಅದು ಯಾವ ಮರದ ಆಸರೆಯನ್ನೂ ಬೇಡುವುದಿಲ್ಲ. ಕಾಡಿನ ಅಂಚಿನಲ್ಲಿ, ತೊರೆಗಳ ಬದಿಯಲ್ಲಿ, ಗಿಣ್ಣುಗಿಣ್ಣಾದ ಕಾಂಡಗಳನ್ನೆತ್ತಿ, ಆಳಿಗಿಂತ ಎತ್ತರದ ಪೊದೆಯಾಗಿ ನಿಲ್ಲುತ್ತದೆ. ಎಲೆ ವೀಳ್ಯದೆಲೆಯಂತೆ ಹೃದಯಾಕಾರ. ಅಗಲ ಮಾತ್ರ ಹೆಚ್ಚು. ಸಸ್ಯಶಾಸ್ತ್ರಜ್ಞರು ಅದಕ್ಕಿಟ್ಟ ಹೆಸರು ಪೈಪರ್ ವಿಕ್‌ಮನ್ನಿಐ. ಸಾಲೊಮನ್ ದ್ವೀಪಗಳಲ್ಲಿಯೂ ನ್ಯೂಗಿನಿಯಲ್ಲಿಯೂ ಅದು ಕಾಣಸಿಗುತ್ತದೆ.

ಈ ಕಾಡುಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಹೆಣ್ಣುಗಿಡದ ಸಣ್ಣ ತೆನೆಯಂತಹ ಹೂಗೊಂಚಲು ಫಲಗಟ್ಟುತ್ತದೆ, ಬೀಜ ನೆಲಕ್ಕೆ ಬೀಳುತ್ತದೆ, ಸಸಿ ಏಳುತ್ತದೆ. ಇದರಲ್ಲಿ ವಿಶೇಷವೇನೆಂದು ಕೇಳಬಹುದು. ಇದರ ಮನೆಮಗಳಾದ ಕಾವಾ ಗಿಡಕ್ಕೆ ಅಷ್ಟೂ ಸಾಧ್ಯವಿಲ್ಲವೆಂಬುದೇ ವಿಶೇಷ!

ಕಾವಾ ಗಿಡದ ಬೇರನ್ನು ಜಜ್ಜಿ, ನೀರಿನಲ್ಲಿ ಹಿಂಡಿ, ಮುಸ್ಸಂಜೆಯ ಹೊತ್ತು ಕೂಡಿ ಕುಳಿತು ಕುಡಿಯುವುದು ವನುವಾಟು ಜನರ ಪುರಾತನ ರೂಢಿ. ನಾಲಗೆ ಮರಗಟ್ಟುತ್ತದೆ, ಮೈ ಸಡಿಲವಾಗುತ್ತದೆ, ಮಾತು ಮೆಲ್ಲಗಾಗುತ್ತದೆ. 1772ರಿಂದ 1775ರವರೆಗೆ ಕ್ಯಾಪ್ಟನ್ ಕುಕ್ಕನ ಹಡಗಿನಲ್ಲಿ ಸಂಚರಿಸಿದ ಗೇಯಾರ್ಗ್ ಫಾರ್ಸ್ಟರ್ 1786ರಲ್ಲಿ ಈ ಗಿಡಕ್ಕೆ ‘ಮತ್ತೇರಿಸುವ ಮೆಣಸು’ ಎಂಬರ್ಥದ ಹೆಸರನ್ನಿತ್ತನು. ಕಾಡುಗಿಡದ ಬೇರಿನಲ್ಲಿಯೂ ಅದೇ ಬಗೆಯ ಸತ್ವಗಳಿವೆ. ಆದರೆ ಅದನ್ನು ಕುಡಿದವನಿಗೆ ವಾಕರಿಕೆ, ಬಹುಹೊತ್ತು ಬಿಡದ ಮಂಪರು. ಹಿತವಾದ ಬೇರಿನ ಗಿಡವನ್ನೇ ಆರಿಸಿ, ಅದರ ಕಾಂಡದ ತುಂಡನ್ನೇ ನೆಡುತ್ತ ಬಂದ ಎಷ್ಟೋ ತಲೆಮಾರುಗಳ ಕೈಯಲ್ಲಿ ಕಾವಾ ರೂಪುಗೊಂಡಿತು. ದೋಣಿಯೇರಿ ಹವಾಯಿಯವರೆಗೂ ಹೋಯಿತು.

ಆದರೆ ಬೀಜ ಕಟ್ಟುವುದನ್ನು ಮರೆಯಿತು. ಹೆಣ್ಣುಗಿಡಗಳೇ ವಿರಳ, ಮನುಷ್ಯನೇ ಪರಾಗ ಸೋಕಿಸಿದರೂ ಹೂವು ಫಲಗಟ್ಟುವ ಮೊದಲೇ ಉದುರಿಹೋಗುತ್ತದೆ. ತಾಯಿಗೂ ಮಗಳಿಗೂ ವರ್ಣತಂತುಗಳ ಸಂಖ್ಯೆ ಒಂದೇ, 130. ಈಗ ಕೆಲವು ವಿದ್ವಾಂಸರು ಎರಡನ್ನೂ ಒಂದೇ ಪ್ರಭೇದವೆಂದು ಎಣಿಸುವುದೂ ಉಂಟು.

ವನುವಾಟುವಿನಲ್ಲಿ ಕಾವಾ ತಳಿಗಳಿಗೆ ಹೆಸರುಗಳು ಹಲವಾರು. ಆದರೆ ಒಂದೊಂದು ತಳಿಯೂ, ಎಷ್ಟು ತೋಟಗಳಲ್ಲಿ ಹಬ್ಬಿದ್ದರೂ, ಒಂದೇ ಗಿಡದ ತುಂಡುಗಳು. ಸೌತೆಯ ಮೊಸಾಯಿಕ್ ರೋಗದ ವೈರಸ್ಸನ್ನು ಸಸ್ಯಹೇನುಗಳು ಹೊತ್ತು ತಂದರೆ ಹಸಿರು ಕಾಂಡ ಕಪ್ಪಾಗಿ ಕೊಳೆತು ಕುಸಿಯುತ್ತದೆ. ಒಂದು ಗಿಡವನ್ನು ಕೆಡವಿದ ರೋಗಕ್ಕೆ ಅದರ ಪಕ್ಕದ ಗಿಡ ಹೊಸ ಎದುರಾಳಿಯಲ್ಲ. ಬೀಜದಿಂದ ಹುಟ್ಟಿದ ನೂರು ಸಸಿಗಳಲ್ಲಿ ಒಂದಾದರೂ ಬದುಕಿ ಉಳಿದೀತೆಂಬ ಆಸೆಗೆ ಇಲ್ಲಿ ಎಡೆಯಿಲ್ಲ. ಕಾವಾ ಕೈಗೆ ಬರಲು ಮೂರರಿಂದ ಐದು ವರ್ಷ ಬೇಕು. ಅಷ್ಟು ಕಾದ ರೈತನ ಸಂಕಟವನ್ನು ಬೇರೆ ಹೇಳಬೇಕಾಗಿಲ್ಲ. 2015ರ ಮಾರ್ಚಿನಲ್ಲಿ ಪ್ಯಾಮ್ ಚಂಡಮಾರುತವೂ ಬೀಸಿ ತೋಟಗಳನ್ನು ನೆಲಸಮ ಮಾಡಿತು. ಮರಳಿ ನೆಡಲು ಬೇಕಾದದ್ದು ಬೀಜವಲ್ಲ, ಎಲ್ಲಿಯಾದರೂ ಉಳಿದ ಜೀವಂತ ಕಾಂಡ.

2002ರ ಕಾನೂನಿನಂತೆ ವನುವಾಟು ಸರ್ಕಾರ ಕಾಡುಗಿಡದ ಬೇರನ್ನು ಹೊರದೇಶಕ್ಕೆ ಮಾರುವುದನ್ನು ತಡೆಯಿತು. ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲ. ಆದರೂ ಕಾವಾ ಮರೆತದ್ದನ್ನು ಇನ್ನೂ ನೆನಪಿಟ್ಟುಕೊಂಡಿರುವುದು ತೊರೆಯ ಬದಿಯ ಆ ಪೊದೆಯೊಂದೇ.