ಗ್ಯಾಸ್ ಮುಗಿಯೂದಿಲ್ರಿ, ಸೋರ್ತದ!

ಬೇಸಿಗೆ ಬಂತೆಂದರೆ ಕಲಬುರಗಿಯಲ್ಲಿ ಇಬ್ಬರಿಗೆ ಪುರಸೊತ್ತು ಎಂಬುದಿಲ್ಲ. ಒಬ್ಬ ನೀರಿನ ಟ್ಯಾಂಕರಿನವ. ಇನ್ನೊಬ್ಬ ಎ.ಸಿ., ಫ್ರಿಜ್ಜು ರಿಪೇರಿಯವ. ಪಾದರಸ 42 ಡಿಗ್ರಿ ಮುಟ್ಟುವ ಊರಿನಲ್ಲಿ ತಂಪು ಎನ್ನುವುದು ಈಗ ಸಾಹುಕಾರರ ಶೋಕಿಯಲ್ಲ. ಆಸ್ಪತ್ರೆಗೆ ಬೇಕು, ಔಷಧಿ ಅಂಗಡಿಗೆ ಬೇಕು, ಹಾಲಿನ ಬೂತಿಗೆ ಬೇಕು, ಮಾಳಿಗೆ ಮನೆಯಲ್ಲಿ ಬೇಯುತ್ತ ಮಲಗಿದ ಮುದುಕರಿಗೂ ಬೇಕು. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ಮೆಕ್ಯಾನಿಕ್ ಸಾಹೇಬರ ಫೋನು ಸಿಕ್ಕರೆ ಅದೇ ಪುಣ್ಯ.

ಆತ ಬಂದ ಮೇಲೆ ನಡೆಯುವ ಮಾತುಕತೆ ಸ್ಟೇಷನ್ ಬಜಾರದಲ್ಲೂ ಒಂದೇ, ಸೇಡಂ, ಆಳಂದದಲ್ಲೂ ಒಂದೇ.

“ಗ್ಯಾಸ್ ಮುಗದದರಿ. ತುಂಬಸಬೇಕ್ರಿ.”

“ಹ್ವಾದ ವರ್ಷನೂ ತುಂಬ್ಸಿದ್ವಲ್ಲಪ್ಪ?”

“ಅದು ಒಂದ್ ಬ್ಯಾಸಗಿಗೆ ಬರ್ತದರಿ ಸಾಹೇಬ್ರ.”

ಸಾಹೇಬರು ಗೊಣಗುತ್ತ ದುಡ್ಡು ಕೊಡುತ್ತಾರೆ. ರೂಮು ತಣ್ಣಗಾಗುತ್ತದೆ. ಮುಂದಿನ ಬೇಸಿಗೆಗೆ ಮತ್ತದೇ ಕಥೆ.

ಈ ಮಾತುಕತೆಯಲ್ಲಿ ಒಂದು ದೊಡ್ಡ ಸುಳ್ಳಿದೆ. ಮೆಕ್ಯಾನಿಕ್ ಬೇಕಂತಲೇ ಹೇಳುವ ಸುಳ್ಳಲ್ಲ. ಅವನ ಉಸ್ತಾದ ಅವನಿಗೆ ಹೇಳಿದ್ದು, ಉಸ್ತಾದನಿಗೆ ಅವನ ಉಸ್ತಾದ ಹೇಳಿದ್ದು. ಎ.ಸಿ.ಯ ಗ್ಯಾಸು ಸ್ಕೂಟರಿನ ಪೆಟ್ರೋಲ್ ಅಲ್ಲ. ಅದು ಉರಿಯುವುದಿಲ್ಲ, ಖರ್ಚಾಗುವುದಿಲ್ಲ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಹೊರಗಿನ ಕಾಯಿಲಿನಲ್ಲಿ ಅದು ಶಾಖ ಬಿಟ್ಟು ದ್ರವವಾಗುತ್ತದೆ, ಒಳಗಿನ ಕಾಯಿಲಿನಲ್ಲಿ ರೂಮಿನ ಶಾಖ ಹೀರಿ ಮತ್ತೆ ಆವಿಯಾಗುತ್ತದೆ. ಗಾಣದ ಎತ್ತಿನ ಹಾಗೆ ಅಲ್ಲಲ್ಲೇ ಸುತ್ತುತ್ತದೆ. ಪೈಪು ಗಟ್ಟಿಯಿದ್ದರೆ ಯಂತ್ರ ಸಾಯುವ ತನಕ ಅದೇ ಗ್ಯಾಸು ಸಾಕು. ಕಡಿಮೆಯಾಯಿತು ಎಂದರೆ ಅರ್ಥ ಒಂದೇ: ಎಲ್ಲೋ ತೂತು ಬಿದ್ದಿದೆ.

ತೂತು ಮುಚ್ಚದೆ ಗ್ಯಾಸು ತುಂಬುವುದು ಒಡೆದ ಕೊಡಕ್ಕೆ ನೀರು ಹೊಯ್ದಂತೆ. ನೀರಾದರೆ ನೆಲಕ್ಕಾದರೂ ಇಂಗುತ್ತದೆ. ಈ ಗ್ಯಾಸು ಆಕಾಶಕ್ಕೆ ಹೋಗುತ್ತದೆ.

ಮೇಲೆ ಹೋಗಿ ಏನು ಮಾಡುತ್ತದೆ?

ನೆಲದಿಂದ ಹೆಚ್ಚುಕಡಿಮೆ 15ರಿಂದ 35 ಕಿಲೋಮೀಟರ್ ಎತ್ತರದಲ್ಲಿ ಓಝೋನ್ ಎಂಬ ಅನಿಲ ಹರಡಿಕೊಂಡಿದೆ. ಅಷ್ಟನ್ನೂ ಬಳಿದು ನೆಲದ ಮಟ್ಟಕ್ಕೆ ತಂದರೆ ಬರೀ 3 ಮಿಲಿಮೀಟರ್ ದಪ್ಪ. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು! ಸೂರ್ಯನ ಅತಿನೇರಳೆ ಕಿರಣದಲ್ಲಿ ಕೆಟ್ಟದ್ದನ್ನೆಲ್ಲ ತಡೆಯುವ ಕೊಡೆ ಇದೇ. ಕೊಡೆ ತೆಳುವಾದರೆ ಕಣ್ಣಿಗೆ ಪೊರೆ, ಚರ್ಮಕ್ಕೆ ಕ್ಯಾನ್ಸರ್, ಬೆಳೆಗೂ ಪೆಟ್ಟು. ಇಡೀ ದಿನ ಬಿಸಿಲಲ್ಲಿ ನಿಂತು ತೊಗರಿ ಕೊಯ್ಯುವವರಿರುವ ಜಿಲ್ಲೆಗೆ ಇದು ದೂರದ ಸುದ್ದಿಯಲ್ಲ.

ಫ್ರಿಜ್ಜಿನ ಗ್ಯಾಸಿನಲ್ಲಿರುವ ಕ್ಲೋರಿನ್ ಈ ಕೊಡೆಯನ್ನು ತಿನ್ನುತ್ತದೆ ಎಂದು 1974ರಲ್ಲಿ ಮೊದಲು ಹೇಳಿದವರು ಮಾರಿಯೋ ಮೊಲೀನಾ ಮತ್ತು ಶೆರ್ವುಡ್ ರೋಲೆಂಡ್ ಎಂಬ ಇಬ್ಬರು ವಿಜ್ಞಾನಿಗಳು. ಒಂದು ಕ್ಲೋರಿನ್ ಪರಮಾಣು ಲಕ್ಷದಷ್ಟು ಓಝೋನ್ ಅಣುಗಳನ್ನು ಮುರಿಯಬಲ್ಲದು. ಕಂಪನಿಗಳವರು ಒಪ್ಪಲಿಲ್ಲ. 1985ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಅಂಟಾರ್ಕ್ಟಿಕದ ಮೇಲೆ ಓಝೋನ್ ಭಾರೀ ತೆಳುವಾಗಿರುವುದನ್ನು ಅಳೆದು ತೋರಿಸಿದಾಗ ಜಗತ್ತಿಗೆ ದಿಗಿಲಾಯಿತು. ಎರಡೇ ವರ್ಷದಲ್ಲಿ, 1987ರ ಸೆಪ್ಟೆಂಬರ್ 16ರಂದು, ಕೆನಡಾದ ಮಾಂಟ್ರಿಯಲ್‌ನಲ್ಲಿ ಒಪ್ಪಂದವಾಯಿತು. ಮೊಲೀನಾ, ರೋಲೆಂಡ್ ಅವರಿಗೆ ಪಾಲ್ ಕ್ರುಟ್ಜನ್ ಜೊತೆ 1995ರಲ್ಲಿ ನೊಬೆಲ್ ಬಂತು. ಭಾರತ 1992ರಲ್ಲಿ ಒಪ್ಪಂದಕ್ಕೆ ಸೇರಿತು. ಓಝೋನ್ ತಿನ್ನುವ ವಸ್ತುಗಳ ಮೇಲೆ ಹತೋಟಿಗೆ 2000ರಲ್ಲಿ ನಿಯಮ ಬಂತು.

ಹಳೇ ಫ್ರಿಜ್ಜುಗಳಲ್ಲಿದ್ದ ಆರ್-12 ಗ್ಯಾಸಿನ ಕಥೆ ಮುಗಿದಿದೆ. ಅಂಥ ಸಿ.ಎಫ್.ಸಿ.ಗಳನ್ನು ನಿಲ್ಲಿಸಲು 2010ರ ಜನವರಿ 1ರ ಗಡುವಿತ್ತು. ಆಸ್ತಮಾ ರೋಗಿಗಳ ಇನ್‌ಹೇಲರ್ ಒಂದನ್ನು ಬಿಟ್ಟು ಭಾರತ 2008ರ ಆಗಸ್ಟ್‌ನಲ್ಲೇ ನಿಲ್ಲಿಸಿತು.

ಈಗಿನ ಸರದಿ ಆರ್-22ದು. ಹಳೇ ಎ.ಸಿ.ಗಳಲ್ಲಿ ಇಂದಿಗೂ ಓಡುತ್ತಿರುವುದು ಇದೇ. ಓಝೋನ್ ತಿನ್ನುವುದರಲ್ಲಿ ಇದು ಆರ್-12ರ ಇಪ್ಪತ್ತನೇ ಒಂದು ಪಾಲು. ಆದರೆ ಭೂಮಿ ಕಾಯಿಸುವುದರಲ್ಲಿ ಕಮ್ಮಿಯಿಲ್ಲ. ಒಂದು ಕಿಲೋ ಆರ್-22 ಬಿಟ್ಟರೆ ಸುಮಾರು 1,800 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಂತೆ. ಒಂದೂವರೆ ಟನ್ನಿನ ಎ.ಸಿ.ಯಲ್ಲಿ ಇರುವುದು ಒಂದು ಕಿಲೋ ಆಚೀಚೆ. ವಾಲ್ವು ಸಡಿಲಿಸಿ “ಬುಸ್” ಎನ್ನಿಸಲು ನಿಮಿಷವೂ ಬೇಡ.

ತರಬೇತಿಯಲ್ಲಿ ಕಲಿಸುವುದೇನು?

ಒಪ್ಪಂದಕ್ಕೆ ಸಹಿ ಹಾಕುವುದು ಮಂತ್ರಿಗಳ ಕೆಲಸ. ಅದನ್ನು ನಡೆಸಿಕೊಡಬೇಕಾದವನು ಮಾಳಿಗೆ ಮೇಲೆ ಕುಕ್ಕರಗಾಲಲ್ಲಿ ಕೂತ ಮೆಕ್ಯಾನಿಕ್. ಈ ಮಾತು ಸರ್ಕಾರಕ್ಕೂ ಗೊತ್ತು. 2004ರಲ್ಲಿ ಮಂಜೂರಾದ ಸಿ.ಎಫ್.ಸಿ. ಕೈಬಿಡುವ ರಾಷ್ಟ್ರೀಯ ಯೋಜನೆಯಲ್ಲೇ ಮೆಕ್ಯಾನಿಕರ ತರಬೇತಿ ಸೇರಿತ್ತು. ಆರ್-22ರ ಜಾತಿಯ ಗ್ಯಾಸುಗಳನ್ನು ಕೈಬಿಡುವ ಯೋಜನೆ 2012ರಲ್ಲಿ ಶುರುವಾದಾಗಲೂ ತರಬೇತಿ ಮುಂದುವರಿಯಿತು. 2019ರಲ್ಲಿ ಹೊರಬಂದ ಭಾರತದ ಶೀತಲೀಕರಣ ಕ್ರಿಯಾ ಯೋಜನೆ 2022–23ರೊಳಗೆ ಒಂದು ಲಕ್ಷ ಮೆಕ್ಯಾನಿಕರಿಗೆ ತರಬೇತಿ ಮತ್ತು ಪ್ರಮಾಣಪತ್ರ ಕೊಡುವ ಗುರಿ ಇಟ್ಟಿತು.

ಅಲ್ಲಿ ಹೇಳಿಕೊಡುವುದು ರಾಕೆಟ್ ವಿದ್ಯೆಯಲ್ಲ. ಹಳೇ ರೂಢಿ ಬಿಡಿಸುವ ಪಾಠ.

ಹಳೇ ರೂಢಿ: ರಿಪೇರಿಗೆ ಮುಂಚೆ ಉಳಿದ ಗ್ಯಾಸನ್ನು ಗಾಳಿಗೆ ಬಿಡೋದು. ಹೊಸ ಪಾಠ: ರಿಕವರಿ ಮೆಶಿನ್ ಹಚ್ಚಿ ಅದನ್ನು ಬೇರೆ ಸಿಲಿಂಡರಿಗೆ ಎಳೆದುಕೊಳ್ಳೋದು. ಆ ಸಿಲಿಂಡರನ್ನೂ ನೂರಕ್ಕೆ 80ಕ್ಕಿಂತ ಹೆಚ್ಚು ತುಂಬಬಾರದು, ಬಿಸಿಲಿಗೆ ಉಬ್ಬಿ ಒಡೆದೀತು.

ಹಳೇ ರೂಢಿ: ಸೋರಿಕೆ ಹುಡುಕಲು ಹೊಸ ಗ್ಯಾಸನ್ನೇ ತುಂಬಿ ನೋಡೋದು. ಹೊಸ ಪಾಠ: ಒಣ ನೈಟ್ರೋಜನ್ ತುಂಬಿ, ಜೋಡಣೆಗಳಿಗೆ ಸೋಪಿನ ನೊರೆ ಸವರಿ ಗುಳ್ಳೆ ಎಲ್ಲಿ ಏಳುತ್ತದೆ ಎಂದು ನೋಡೋದು. ನೈಟ್ರೋಜನ್ ಗಾಳಿಯಲ್ಲೇ ಇರುವಂಥದ್ದು, ಬಿಟ್ಟರೂ ಪಾಪವಿಲ್ಲ.

ಹಳೇ ರೂಢಿ: ಪೈಪಿನೊಳಗಿನ ಗಾಳಿ ಓಡಿಸಲು “ಒಂಚೂರು” ಗ್ಯಾಸು ಬಿಡೋದು, ಇಲ್ಲವೇ ಹಳೇ ಕಂಪ್ರೆಸರನ್ನೇ ಪಂಪು ಮಾಡಿಕೊಳ್ಳೋದು. ಹೊಸ ಪಾಠ: ಎರಡು ಹಂತದ ವ್ಯಾಕ್ಯೂಮ್ ಪಂಪು ಹಚ್ಚಿ ಗಾಳಿ, ತೇವ ಎರಡನ್ನೂ ಪೂರಾ ಎಳೆದು, ಮುಳ್ಳು ನಿಲ್ಲುತ್ತದೋ ಇಲ್ಲವೋ ಕಾದು ನೋಡೋದು. ಒಳಗೆ ತೇವ ಉಳಿದರೆ ಎಣ್ಣೆ, ಗ್ಯಾಸಿನ ಜೊತೆ ಸೇರಿ ಆಮ್ಲವಾಗಿ ಕಂಪ್ರೆಸರಿನ ವೈಂಡಿಂಗ್ ಸುಡುತ್ತದೆ. “ಕಂಪನಿ ಮಾಲೇ ಖರಾಬ್” ಎಂದು ಬೈಸಿಕೊಳ್ಳುವ ಎಷ್ಟೋ ಕಂಪ್ರೆಸರುಗಳು ಸತ್ತದ್ದು ಹೀಗೆ.

ಹಳೇ ರೂಢಿ: ಗೇಜು ನೋಡಿ, ಪೈಪು ಮುಟ್ಟಿ ಅಂದಾಜಿಗೆ ತುಂಬೋದು. ಹೊಸ ಪಾಠ: ಕಂಪನಿ ಬರೆದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬೋದು. ಹೆಚ್ಚಾದರೂ ಕಮ್ಮಿಯಾದರೂ ಕರೆಂಟು ಬಿಲ್ಲು ಏರುತ್ತದೆ. ಈಗಿನ ಮನೆ ಫ್ರಿಜ್ಜುಗಳಲ್ಲಿ ಬರುವ ಆರ್-600ಎ ಗ್ಯಾಸಂತೂ ಐವತ್ತು ಗ್ರಾಮಿನ ಆಜುಬಾಜು ಅಷ್ಟೆ. ಅಲ್ಲಿ ಅಂದಾಜು ನಡೆಯೋದೇ ಇಲ್ಲ.

ಆಕಾಶದ್ದಿರಲಿ, ಪ್ರಾಣದ ಮಾತು

ಓಝೋನ್ ಉಳಿಸಿ ಎಂದರೆ ಮೆಕ್ಯಾನಿಕ್ ನಕ್ಕಾನು. “ನಮ್ ಹೊಟ್ಟಿ ಉಳಸ್ರಿ ಮೊದಲ” ಅಂದಾನು. ತಪ್ಪಿಲ್ಲ. ಆದರೆ ಈ ಪಾಠ ಉಳಿಸುವುದು ಮೊದಲಿಗೆ ಅವನನ್ನೇ.

ನೈಟ್ರೋಜನ್ ಸಿಲಿಂಡರ್ ಇಲ್ಲವೆಂದು ಗ್ಯಾಸ್ ವೆಲ್ಡಿಂಗಿನ ಆಕ್ಸಿಜನ್ನನ್ನೇ ಪೈಪಿಗೆ ಹಚ್ಚುವವರಿದ್ದಾರೆ. ಕಂಪ್ರೆಸರಿನ ಎಣ್ಣೆಗೆ ಒತ್ತಡದ ಆಕ್ಸಿಜನ್ ತಾಕಿದರೆ ಅದು ಬಾಂಬು. ಗ್ಯಾಸು ಪೂರಾ ತೆಗೆಯದೆ ಪೈಪಿಗೆ ಬೆಂಕಿ ಹಿಡಿದರೆ, ಆರ್-22 ಸುಟ್ಟು ಫಾಸ್ಜೀನ್‌ನಂಥ ವಿಷವಾಗುತ್ತದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರನ್ನು ಕೊಲ್ಲಲು ಬಳಸಿದ ಗ್ಯಾಸು ಅದು. ಬೆಸುಗೆ ಹಾಕುವಾಗ ಮೂಗು, ಗಂಟಲು ಉರಿದರೆ “ಹೊಗಿ ಅದ” ಎಂದು ಸುಮ್ಮನಾಗುವಂತಿಲ್ಲ.

ಹೊಸ ಗ್ಯಾಸುಗಳದು ಇನ್ನೊಂದು ಕಥೆ. ಆರ್-290 ಎಂದರೆ ಪ್ರೊಪೇನ್, ಅಡುಗೆ ಗ್ಯಾಸಿನ ಖಾಸಾ ತಮ್ಮ. ಓಝೋನಿಗೆ ಅಪಾಯವಿಲ್ಲ, ಭೂಮಿ ಕಾಯಿಸುವುದೂ ತೀರಾ ಕಮ್ಮಿ. ಗೋದ್ರೆಜ್ ಕಂಪನಿ 2012ರಲ್ಲೇ ಈ ಗ್ಯಾಸಿನ ಎ.ಸಿ.ಯನ್ನು ದೇಶದಲ್ಲಿ ಮಾರಾಟಕ್ಕೆ ತಂದಿತು. ಆದರೆ ಅದು ಭಗ್ಗನೆ ಹೊತ್ತಿಕೊಳ್ಳುತ್ತದೆ, ಗಾಳಿಗಿಂತ ಭಾರವಾದ್ದರಿಂದ ನೆಲದಲ್ಲೇ ಕೂರುತ್ತದೆ. ಈಗ ಎಲ್ಲೆಡೆ ಬರುತ್ತಿರುವ ಆರ್-32 ಕೂಡ ಅಷ್ಟಿಲ್ಲದಿದ್ದರೂ ಹೊತ್ತಿಕೊಳ್ಳುವ ಜಾತಿ. ಬಾಯಲ್ಲಿ ಬೀಡಿ ಇಟ್ಟುಕೊಂಡು ಆರ್-22 ತುಂಬಿದಂತೆ ಇದನ್ನು ತುಂಬಿದರೆ ಏನಾದೀತು? ಆರ್-22ರ ಹಳೇ ಯಂತ್ರಕ್ಕೆ ಅಗ್ಗವೆಂದು ಹೊತ್ತುವ ಗ್ಯಾಸು ತುಂಬುವುದಂತೂ ಮನೆಯವರ ಪ್ರಾಣದ ಜೊತೆ ಆಟ. ಆ ಯಂತ್ರದ ಸ್ವಿಚ್ಚು, ವೈರು ಯಾವುದೂ ಅದಕ್ಕೆಂದು ಮಾಡಿದ್ದಲ್ಲ.

ಹಾಗಾದರೆ ಎಲ್ಲರೂ ಕಲಿಯಲ್ಲ, ಯಾಕೆ?

ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಈ ಕಸುಬಿನ ಬಹಳ ಮಂದಿ ಶಾಲೆ ಅರ್ಧಕ್ಕೆ ಬಿಟ್ಟು ಅಂಗಡಿಯಲ್ಲಿ ಪಾನಾ ಎತ್ತಿಕೊಡುತ್ತ ಕಲಿತವರು. ಕೆಲಸಕ್ಕಿಷ್ಟು ಎಂದು ದುಡಿಯುವವರು. ತರಬೇತಿಗೆ ಹೋದ ದಿನ ಕೂಲಿಯಿಲ್ಲ. ಕಲಿತು ಬಂದರೂ ರಿಕವರಿ ಮೆಶಿನ್, ವ್ಯಾಕ್ಯೂಮ್ ಪಂಪು, ತಕ್ಕಡಿ, ನೈಟ್ರೋಜನ್ ಎಲ್ಲ ಸ್ವಂತ ದುಡ್ಡಲ್ಲಿ ತರಬೇಕು. ಅದನ್ನೆಲ್ಲ ಹೊತ್ತು ಮೂರು ಮಾಳಿಗೆ ಹತ್ತಬೇಕು.

ಹತ್ತಿದ ಮೇಲೆ? ತೂತು ಹುಡುಕಿ, ಬೆಸುಗೆ ಹಾಕಿ, ವ್ಯಾಕ್ಯೂಮ್ ಎಳೆದು, ತೂಗಿ ತುಂಬಲು ಅರ್ಧ ದಿನ ಬೇಕು. ಬಾಜೂ ಅಂಗಡಿಯವ ಅರ್ಧ ತಾಸಿನಲ್ಲಿ ಗ್ಯಾಸು ತುಂಬಿ ಅರ್ಧ ರೊಕ್ಕಕ್ಕೆ ಹೋಗುತ್ತಾನೆ. ಗಿರಾಕಿ ಕರೆಯೋದು ಯಾರನ್ನು? ಇಲ್ಲಿ ಮೆಕ್ಯಾನಿಕನೊಬ್ಬನ ಕಡೆ ಬೊಟ್ಟು ಮಾಡಿದರೆ ನ್ಯಾಯವಲ್ಲ. ಚೌಕಾಶಿ ಮಾಡುವ ಗಿರಾಕಿಯೂ ಆ ಗ್ಯಾಸನ್ನು ಆಕಾಶಕ್ಕೆ ಬಿಟ್ಟವನೇ. ಮೂರು ಬೇಸಿಗೆ ಅಗ್ಗಕ್ಕೆ ತುಂಬಿಸಿದ ಲೆಕ್ಕ ಕೂಡಿದರೆ ಒಂದು ಸರಿಯಾದ ರಿಪೇರಿಗಿಂತ ಹೆಚ್ಚೇ ಆದೀತು. ಕರೆಂಟು ಬಿಲ್ಲು ಬೇರೆ.

ಗಡುವು ಹತ್ತಿರ ಬಂದಿದೆ

ಆರ್-22 ಜಾತಿಯ ಗ್ಯಾಸನ್ನು ಹಳೇ ಮಟ್ಟಕ್ಕಿಂತ 2015ಕ್ಕೆ ನೂರಕ್ಕೆ 10, 2020ಕ್ಕೆ 35, 2025ಕ್ಕೆ 67.5ರಷ್ಟು ಇಳಿಸಬೇಕೆಂಬುದು ಒಪ್ಪಂದದ ಲೆಕ್ಕ. 2030ಕ್ಕೆ ಬಾಗಿಲು ಬಂದ್. ಹಳೇ ಯಂತ್ರಗಳ ರಿಪೇರಿಗೆಂದು 2040ರವರೆಗೆ ಸಿಗುವುದು ಚೂರುಪಾರು ಮಾತ್ರ. ಮಾಲು ಕಮ್ಮಿಯಾದರೆ ದರ ಏರದೇ ಇರುತ್ತದೆಯೇ? ಆಗ ಗಾಳಿಗೆ ಬಿಟ್ಟ ಒಂದೊಂದು ಕಿಲೋವೂ ಜೇಬಿನಿಂದ ಬಿದ್ದ ನೋಟು. ರಿಕವರಿ ಕಲಿತವನಿಗೆ ಅದೇ ದುಡಿಮೆ. ಆರ್-410ಎ, ಆರ್-134ಎ ಮುಂತಾದ ಓಝೋನ್ ತಿನ್ನದ ಆದರೆ ಭೂಮಿ ಕಾಯಿಸುವ ಗ್ಯಾಸುಗಳಿಗೂ 2016ರ ಕಿಗಾಲಿ ತಿದ್ದುಪಡಿ ಲಗಾಮು ಹಾಕಿದೆ. ಭಾರತ ಅದಕ್ಕೆ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಇನ್ನು ಮುಂದೆ ಕಸುಬಿನಲ್ಲಿ ಉಳಿಯುವವನು ಕಲಿತವನೇ.

ಆಗಬೇಕಾದ್ದು ಇಷ್ಟು. ತರಬೇತಿ ಮಳೆಗಾಲದಲ್ಲೋ ಚಳಿಗಾಲದಲ್ಲೋ ಇರಲಿ. ಬೇಸಿಗೆಯಲ್ಲಿ ಕರೆದರೆ ದುಡಿಯುವವನು ಬರಲಾರ. ತಾಲ್ಲೂಕು ಮಟ್ಟಕ್ಕೆ ಬರಲಿ, ಕನ್ನಡದಲ್ಲಿ, ಬೇಕಿದ್ದವರಿಗೆ ಉರ್ದುವಿನಲ್ಲಿ ನಡೆಯಲಿ. ಬಂದವನಿಗೆ ಆ ದಿನದ ಕೂಲಿ ಸಿಗಲಿ. ನಾಲ್ಕಾರು ಅಂಗಡಿಯವರು ಕೂಡಿ ಒಂದು ರಿಕವರಿ ಮೆಶಿನ್ ಇಟ್ಟುಕೊಳ್ಳಲು ಸಾಲದ ಅನುಕೂಲವಾಗಲಿ. ಸರ್ಕಾರಿ ಕಚೇರಿ, ಆಸ್ಪತ್ರೆ, ಬ್ಯಾಂಕುಗಳು ತಮ್ಮ ಎ.ಸಿ. ಗುತ್ತಿಗೆಯನ್ನು ಪ್ರಮಾಣಪತ್ರ ಇದ್ದವರಿಗೇ ಕೊಟ್ಟರೆ, ಮಿಕ್ಕವರು ಕರೆಯದೇ ಹೋಗಿ ಕಲಿತಾರು.

ಗಿರಾಕಿ ಮಾಡಬೇಕಾದ್ದು ಇನ್ನೂ ಸುಲಭ. ಮೆಕ್ಯಾನಿಕ್ ಬಂದಾಗ ಮೂರು ಪ್ರಶ್ನೆ ಕೇಳಿ: ಸೋರಿಕೆ ಎಲ್ಲದ? ಹಳೇ ಗ್ಯಾಸ್ ಯಾವದರಾಗ ಹಿಡೀತಿ? ತಕ್ಕಡಿ ತಂದೀ ಏನು? ಉತ್ತರ ಇದ್ದವನಿಗೆ ಕೇಳಿದಷ್ಟು ಕೊಡಿ, ಒಂದು ಲೋಟ ತಣ್ಣನೆ ಮಜ್ಜಿಗೆಯನ್ನೂ ಕೊಡಿ.

ಇದೆಲ್ಲ ಬರೀ ಆಸೆಯ ಮಾತಲ್ಲ. ಒಪ್ಪಂದ ಹೀಗೇ ಪಾಲನೆಯಾದರೆ 2040ರ ಹೊತ್ತಿಗೆ ಜಗತ್ತಿನ ಬಹುಭಾಗದ ಮೇಲೆ, 2066ರ ಹೊತ್ತಿಗೆ ಅಂಟಾರ್ಕ್ಟಿಕದ ಮೇಲೂ ಓಝೋನ್ 1980ರ ಸ್ಥಿತಿಗೆ ಮರಳುತ್ತದೆ ಎಂದು ವಿಶ್ವಸಂಸ್ಥೆಯ ವಿಜ್ಞಾನಿಗಳು 2023ರ ಜನವರಿಯಲ್ಲಿ ಹೇಳಿದ್ದಾರೆ. ಹರಿದ ಕೊಡೆಗೆ ಹೊಲಿಗೆ ಬೀಳುತ್ತಿದೆ. ಸೂಜಿ ಈಗ ಪಾನಾ ಹಿಡಿದವನ ಕೈಯಲ್ಲಿದೆ. ಅವನಿಗೆ ಹೊಲಿಗೆ ಕಲಿಸುವುದು ಸರ್ಕಾರದ ಕೆಲಸ, ಹೊಲಿಗೆಯ ಕೂಲಿ ಕೊಡುವುದು ನಮ್ಮ ನಿಮ್ಮ ಕೆಲಸ.